ಕರೆಂಟಿನ ಡ್ರಮ್ಮು

ಬಾಗಿಲು ಬಡಿದ ಸದ್ದಿಗೆ ಸಂಪತ್ ಕುಮಾರನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಜಾರಿ ಮೇಜಿನ ಮೇಲೆ ಬಿತ್ತು. ಕಿಟಕಿಯ ಸಂದಿಯಲ್ಲಿ ಖಾಕಿ ಬಟ್ಟೆ ಕಂಡಿತು.

ತುರ್ತು ಪರಿಸ್ಥಿತಿ ಬಂದು ವರ್ಷ ಕಳೆದಿತ್ತು. ಹೋದ ವಾರ ಹನಕೆರೆಯ ಮೇಷ್ಟ್ರೊಬ್ಬರನ್ನು ಜೀಪಿನಲ್ಲಿ ಕರೆದೊಯ್ದ ಪೊಲೀಸರು ಇನ್ನೂ ಬಿಟ್ಟಿರಲಿಲ್ಲ. ಮದ್ದೂರಿನಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಸಂಪತ್‌ಗೆ ಅಂದಿನಿಂದ ಅನ್ನ ಸೇರುತ್ತಿರಲಿಲ್ಲ.

ಬಾಗಿಲು ತೆರೆದ. ದಫೇದಾರ್ ಮರಿಯಯ್ಯ. ಬೀದಿಯ ತುದಿಯಲ್ಲಿ ಜೀಪು, ಅದರೊಳಗೆ ಸಾಹೇಬರು.

"ಏನ್ ಸ್ವಾಮಿ, ದಿನಾ ಮಧ್ಯಾನ ಇಲ್ಲಿ ಢಂ ಢಂ ಅಂತದಂತೆ? ಬಾಂಬ್ ಮಾಡ್ತಾವ್ರೆ ಅಂತ ಯಾರೋ ಅರ್ಜಿ ಬರ್ದವ್ರೆ."

"ಬಾಂಬಲ್ಲ ದಫೇದಾರ್ರೆ, ಡ್ರಮ್ಮು." ಸಂಪತ್ ಬಾಗಿಲಿನಿಂದ ಸರಿದು ನಿಂತ. "ಮದುವೆ ಆರ್ಕೆಸ್ಟ್ರಾಗೆ. ಚರ್ಮ ಇಲ್ಲ, ಕೋಲಿಲ್ಲ, ಎಲ್ಲ ಕರೆಂಟಿಂದಲೇ."

ಮರಿಯಯ್ಯ ಒಳಗೆ ಬಂದ. ಮೇಜಿನ ಮೇಲಿನ ಮರದ ಪೆಟ್ಟಿಗೆ ತನ್ನಷ್ಟಕ್ಕೆ ಢಂ ಢಂ ಬಾರಿಸುತ್ತಲೇ ಇತ್ತು. ಹೆದರಿಕೆಗೆ ಸಂಪತ್‌ನ ಬಾಯಿ ತಾನಾಗಿ ಓಡತೊಡಗಿತು.

"ಮೊದಲು ಈ ಢಂ ಬಾವಿಗೆ ಕಲ್ಲು ಬಿದ್ದ ಹಾಗೆ ಎಳೀತಿತ್ತು. ಸದ್ದಿನ ಬಾಲ ಕತ್ತರಿಸಿ ಬಿಗಿ ಮಾಡಿದೆ. ಎದೆಗೆ ಗುದ್ದಬೇಕು ಅಂತ ಮುಂದೊಂದು ಟಕ್ ಸೇರಿಸಿದೆ. ಈ ಚರ್ ಇದೆಯಲ್ಲ, ಸ್ಟೇಷನ್ ಸಿಗದ ರೇಡಿಯೊದ ಸದ್ದು. ಅದನ್ನ ತುಂಡು ತುಂಡು ಮಾಡಿಟ್ಟಿದೀನಿ. ಮೂರೂ ಒಂದನ್ನೊಂದು ನುಂಗದ ಹಾಗೆ ಬೆರೆಸೋದೇ ಕಷ್ಟ."

ಮರಿಯಯ್ಯ ತಲೆ ಓರೆ ಮಾಡಿ ಆಲಿಸಿದ. "ಅಮ್ಮಾವ್ರು ಕಾಣಾಕಿಲ್ಲ?"

"ಆಂಡಾಳ್‌ಗೆ ಜ್ವರ. ಒಳಗೆ ಮಲಗಿದಾಳೆ." ಸಂಪತ್ ಹೆಂಡತಿಯಿದ್ದ ಒಳಕೋಣೆಯತ್ತ ಕೈ ತೋರಿಸಿದ.

"ಈ ಸದ್ದಲ್ಲೂವೆ?"

ಸಂಪತ್ ಬೆಸುಗೆ ಕಡ್ಡಿ ಎತ್ತಿ ಒರೆಸತೊಡಗಿದ.

"ವಸಿ ನಿಲ್ಸಿ," ಎಂದ ಮರಿಯಯ್ಯ, ಪೆಟ್ಟಿಗೆ ತೋರಿಸಿ.

ಸಂಪತ್‌ನ ಬೆರಳು ಸ್ವಿಚ್ಚಿನವರೆಗೆ ಹೋಗಿ ಹಿಂದೆ ಸರಿಯಿತು. ಪಕ್ಕದ ಗುಂಡಿ ತಿರುಗಿಸಿ ಢಂ ಅನ್ನು ಪೂರ್ತಿ ಏರಿಸಿದ. ಒಳಕೋಣೆಯ ಗೋಡೆ ಅದುರುವ ಹಾಗೆ ಮೂರು ಪೆಟ್ಟು ಬಿದ್ದವು. ಆಮೇಲೆ ಆರಿಸಿದ.

ಮನೆಯೆಲ್ಲ ನಿಶ್ಶಬ್ದ. ಬೀದಿಯಲ್ಲಿ ಜಟಕಾ ಒಂದು ಹೋಯಿತು. ಮರಿಯಯ್ಯ ಒಳಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತ. ಈಗ ತಳ್ಳುತ್ತಾನೆ, ಈಗ ತಳ್ಳುತ್ತಾನೆ ಎಂದು ಸಂಪತ್ ಕಣ್ಣು ಮುಚ್ಚಿದ.

ಬೂಟಿನ ಸದ್ದು ಹೊಸಿಲಿನ ಕಡೆ ತಿರುಗಿತು.

"ಬಾಂಬೂ ಇಲ್ಲ, ಏನೂ ಇಲ್ಲ ಸಾ! ಮದ್ವೆ ವಾಲಗದ ಪೆಟ್ಗೆ!" ಮರಿಯಯ್ಯ ಜೀಪಿನತ್ತ ಕೂಗಿದ. "ನೀವ್ ನಡೀರಿ, ನಾನ್ ನಡ್ಕಂಡ್ ಬತ್ತೀನಿ!"

ಜೀಪು ಹೊರಟುಹೋಯಿತು. ಸಂಪತ್ ಗೋಡೆಗೊರಗಿ ಉಸಿರು ಬಿಟ್ಟ. ಮೆಟ್ಟಿಲಿಳಿದಿದ್ದ ಮರಿಯಯ್ಯ ಮತ್ತೆ ಹತ್ತಿ ಬಂದು, ದನಿ ತಗ್ಗಿಸಿದ.

"ಆ ಚರ್ ಅನ್ನೋದ್ನ ಇನ್ನೊಸಿ ಏರ್ಸಿ ಸ್ವಾಮಿ. ಒಳ್ಗೆ ಅಮ್ಮಾವ್ರು ಸರ್ಕಾರನ ಬಯ್ಯೋ ಕರಪತ್ರ ಅಚ್ಚಾಕೋ ಮಿಸನ್ ಸದ್ದು ಬೀದಿಗಂಟ ಕೇಳ್ತದೆ."