ಇಸಾರ್ ನದಿಯ ದವಡೆಹಲ್ಲು

ಅಕ್ಕ ತೀರಿಕೊಂಡ ಸುದ್ದಿ 1969ರಲ್ಲಿ ಪತ್ರವಾಗಿ ಮ್ಯೂನಿಕ್ ತಲುಪಿದ ದಿನ, ಊರಿನಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಸಾಕಿ ಬೆಳೆಸಿದವಳಿಗಾಗಿ ಒಂದು ಹನಿ ಕಣ್ಣೀರೂ ಬರಲಿಲ್ಲವಲ್ಲ ಎಂದು ಅಶ್ವತ್ಥನಾರಾಯಣರ ಮನಸ್ಸು ಕೊರೆಯುತ್ತಿತ್ತು. ಹಳೆಯ ಮೂಳೆಗಳನ್ನು ಪರೀಕ್ಷಿಸುವ ತಮ್ಮ ಪ್ರಯೋಗಾಲಯಕ್ಕೆ ಹೋಗಿ, ಆ ನಗರದ ಇಸಾರ್ ನದಿಯ ಮರಳಿನಲ್ಲಿ ಸಿಕ್ಕಿದ್ದ ದನದ ದವಡೆಹಲ್ಲನ್ನು ಕೈಗೆತ್ತಿಕೊಂಡರು. ಅದು ಬುಡದವರೆಗೂ ಸವೆದಿತ್ತು.

“ಸರ್, ರಿಪೋರ್ಟಲ್ಲಿ ಕಾಡುದನ ಅಂತ ಬರೀಲಾ?” ಎಂದರು ಸಹೋದ್ಯೋಗಿ ನಿರುಪಮಾ.

“ಬೇಡಮ್ಮಾ. ಹಲ್ಲು ಇಷ್ಟು ಸವೆದ್ರೆ ಹುಲ್ಲು ಅಗಿಯೋಕಾಗದೆ ದನ ಕಾಡಲ್ಲಿ ಬದುಕಲ್ಲ. ಯಾರೋ ಸಾಕಿರ್ಬೇಕು, ಗಂಜಿ ಕುಡಿಸಿರ್ಬೇಕು.”

“ಅಡುಗೆ ಏನು ಅಂತಾನೂ ಹಲ್ಲೇ ಹೇಳ್ತಾ ಸರ್?” ಎಂದು ಆಕೆ ನಕ್ಕರು.

ಅವರು ನಗಲಿಲ್ಲ. ಊರಿನ ಮನೆಯಲ್ಲಿ ಹಲ್ಲು ಸವೆದ ಮುದಿ ಹಸುವಿಗೆ ಅಕ್ಕ ದಿನವೂ ಗಂಜಿ ಕುಡಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿ, ಬಾರದಿದ್ದ ಅಳು ಉಕ್ಕಿ ಬಂತು. ಹಲ್ಲನ್ನು ಎರಡೂ ಕೈಗಳಲ್ಲಿ ಹಿಡಿದು, “ನಾರಾಯಣಾ, ಮೂಕಪ್ರಾಣಿಯ ಹಸಿವು ಅರಿತವಳನ್ನು ನಿನ್ನ ಪಾದದಲ್ಲಿ ನೆಮ್ಮದಿಯಾಗಿರಿಸು” ಎಂದರು.