ಎರಡು ಗಂಟೆಯ ರಿಪೇರಿ

ಅರ್ಧ ತೋಳು ಹೊಲಿಯುವಷ್ಟರಲ್ಲಿ ದರ್ಜಿಯ ಮಿಷನ್ ಕೈಕೊಟ್ಟಿತು. ಪೆಡಲ್ ತುಳಿದರೆ ಚಕ್ರ ಮಿಸುಕಲಿಲ್ಲ.

"ಬೆಲ್ಟ್ ಸಡಿಲ ಆಗಿರ್ಬೇಕು ಕಣೇ, ಎಣ್ಣೆ ಡಬ್ಬಿ ತಾ," ಎಂದ ಹೆಂಡತಿಗೆ. ಸ್ವಲ್ಪ ಮುಂಚೆ ಅವನ ಬೆನ್ನಿನಲ್ಲಿ ಯಾರೋ ಗುದ್ದಿದಂತೆ ಛಳಕು ಹೊಡೆದಿತ್ತು. ಭಾರ ಎತ್ತಿರಲಿಲ್ಲ, ಬಿದ್ದಿರಲಿಲ್ಲ. ಮೂವತ್ತು ವರ್ಷ ಬಗ್ಗಿದ ಬೆನ್ನು, ನೋಯದೆ ಇನ್ನೇನು ಎಂದು ಅವಳು ಮುಲಾಮು ತಿಕ್ಕಿದ್ದಳು. ಈಗ ಅವನು ಸ್ಟೂಲಿನಿಂದ ಏಳದೆ ಅಪ್ಪಣೆ ಕೊಟ್ಟ, ಅವಳು ನೆಲದಲ್ಲಿ ಕೂತು ಬೆಲ್ಟ್ ಬಿಚ್ಚಿದಳು, ಕಟ್ಟಿದಳು, ಸಂದುಸಂದಿಗೂ ಎಣ್ಣೆ ಬಿಟ್ಟಳು. ಪ್ರತಿ ಸಲ ಅವನು ತುಳಿದಾಗಲೂ ಚಕ್ರ ಹಾಗೇ ನಿಂತಿತ್ತು. ಮಿಷನ್ನಿಗೆ ಶಾಪ ಹಾಕುತ್ತಲೇ ಎರಡು ಗಂಟೆ ಕಳೆಯಿತು. ಕೊನೆಗೆ ಬೇಸತ್ತು, ಚಕ್ರವನ್ನೊಮ್ಮೆ ನೂಕಿ, ತಾನೇ ಪೆಡಲ್ ತುಳಿದಳು. ಗಿರ್ರನೆ ತಿರುಗಿತು.

ಇಬ್ಬರೂ ಅವನ ಕಾಲುಗಳನ್ನು ನೋಡಿದರು.

"ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ?" ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದರು.

"ಹೃದಯಕ್ಕೆ ಅಂತ ಕೊಟ್ಟಿದಾರೆ. ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟರೇ."

ಸ್ಕ್ಯಾನಿನ ಚಿತ್ರದ ಮೇಲೆ ವೈದ್ಯೆ ಬೆರಳಿಟ್ಟರು. "ಬೆನ್ನುಹುರಿ ಪಕ್ಕದಲ್ಲಿ ತಾನಾಗೇ ರಕ್ತ ಸೋರಿ ಹೆಪ್ಪುಗಟ್ಟಿ, ಹುರಿಯನ್ನ ಅಮುಕ್ತಿದೆ. ಮಾತ್ರೆ ಪರಿಣಾಮ ಇಳಿಸೋಕೆ ಇಂಜೆಕ್ಷನ್ ಕೊಟ್ಟಿದೀವಿ. ಈಗ್ಲೇ ಆಪರೇಷನ್ ಮಾಡಿ ಹೆಪ್ಪು ತೆಗೀಬೇಕು. ಕಾಲಿನ ಬಲ ಯಾವಾಗ ಹೋಯ್ತು? ಸರಿಯಾಗಿ ಹೇಳಿ, ತಡ ಆದಷ್ಟೂ ಕಷ್ಟ."

ಈಗಷ್ಟೇ ಎಂದುಬಿಡೋಣ ಎಂದು ಅವಳಿಗೆ ಅನಿಸಿತು. "ಹತ್ತೂವರೆಗೆ," ಎಂದಳು. "ನಾವು... ಮಿಷನ್ ರಿಪೇರಿ ಮಾಡ್ತಾ ಕೂತಿದ್ವಿ."

ವೈದ್ಯೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸ್ಟ್ರೆಚರ್ ತನ್ನಿ ಎಂದು ಕೂಗುತ್ತಾ ಓಡಿದರು.

ಮರುದಿನ ಬೆಳಿಗ್ಗೆ ವಾರ್ಡಿಗೆ ಬಂದ ವೈದ್ಯೆ, "ಹೆಪ್ಪು ಪೂರ್ತಿ ತೆಗೆದಿದೀವಿ. ಇನ್ನು ಕಾದು ನೋಡ್ಬೇಕು," ಎಂದು ಅವನ ಹೊದಿಕೆ ಸರಿಸಿದರು. "ಎಲ್ಲಿ, ಕಾಲಿನ ಹೆಬ್ಬೆರಳು ಆಡಿಸಿ."

ಅವನು ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರೊಡೆಯಿತು. ಹೆಂಡತಿ ರೆಪ್ಪೆ ಬಡಿಯದೆ ಬೆರಳನ್ನೇ ನೋಡಿದಳು. ಅಂಗಾತ ಮಲಗಿದ್ದ ಅವನಿಗೆ ಪಾದ ಕಾಣುತ್ತಿರಲಿಲ್ಲ.

"ಆಡಿಸ್ತಾನೇ ಇದೀನಲ್ಲ!" ಅವನು ನಕ್ಕ. "ನೋಡೇ, ಹೇಗೆ ಕುಣೀತಿದೆ!"

ಒಂದಿಷ್ಟೂ ಮಿಸುಕದ ಬೆರಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವಳೆಂದಳು, "ಹೂಂ ರೀ. ಸಾಕು, ನಿಲ್ಸಿ ಇನ್ನು."