ಎಣ್ಣೆನೀರು

ಭಾನುವಾರದ ಎಣ್ಣೆನೀರು ಎಂದರೆ ಕುಣಿದು ಬರುತ್ತಿದ್ದ ಮಗಳು ಇಂದು ಅಂಗಿ ಬಿಚ್ಚಲು ಒಪ್ಪದೆ, ಬಚ್ಚಲ ಗೋಡೆಗೆ ಬೆನ್ನು ಒತ್ತಿ ನಿಂತುಬಿಟ್ಟಳು.

"ಕಾಸಿದ ಎಣ್ಣೆ ಆರಿಹೋಗತ್ತೆ, ಬಾರೇ" ಎಂದು ಗದರಿದ ವನಜ ತಾನೇ ಅವಳನ್ನು ತಿರುಗಿಸಿ ಅಂಗಿ ಎತ್ತಿದಳು. ಬೆನ್ನ ತುಂಬ ಬಾಸುಂಡೆ. ಕೆಲವು ಹಳೆಯವು, ಹಸಿರುಗಟ್ಟಿದ್ದವು. ಒಂದು ಇನ್ನೂ ಜಿನುಗುತ್ತಿತ್ತು.

"ಯಾರೇ ಹೊಡೆದದ್ದು?"

"ಬಿದ್ದೆ."

"ಬಿದ್ರೆ ಹೀಗೆ ಬರೆ ಏಳತ್ತೇನೇ? ಮೇಷ್ಟ್ರಾ?"

ಮಗಳು ತಲೆ ತಗ್ಗಿಸಿದಳು. "ಮಗ್ಗಿ ತಪ್ಪಿತ್ತು."

ಜೂನ್‌ನಲ್ಲಿ ವನಜ ತಾನೇ ಕೈಹಿಡಿದು ಕರೆದೊಯ್ದು, ಆ ಮೇಷ್ಟ್ರ ಹತ್ತಿರ ನಗುನಗುತ್ತಾ ಎರಡು ಮಾತಾಡಿ ಬಿಟ್ಟುಬಂದ ಶಾಲೆ ಅದು. ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ನಾಳೆ ನಾನೂ ಬರ್ತೀನಿ. ಹೆಡ್‌ಮೇಷ್ಟ್ರನ್ನೂ ಬಿಡಲ್ಲ, ಪೊಲೀಸಿಗೂ ಹೋಗ್ತೀನಿ."

"ಬೇಡಮ್ಮ, ಮೇಷ್ಟ್ರದ್ದೇನೂ ತಪ್ಪಿಲ್ಲ."

"ತಪ್ಪಿಲ್ವಾ?" ವನಜ ಅಳುತ್ತಲೇ ಮಗಳ ಎರಡೂ ಕೈ ಹಿಡಿದು ಅಲುಗಿಸಿದಳು. "ಇಷ್ಟು ದಿನ ನನ್ನ ಹತ್ರ ಯಾಕೇ ಬಾಯಿ ಬಿಡಲಿಲ್ಲ? ನನ್ನ ಮಗೂನ ಹೀಗೆ ಬಡಿ ಅಂತ ಅವನಿಗೆ ಹೇಳಿದೋರು ಯಾರು?"

ಮಗಳು ಗಾಬರಿಯಾಗಿ ತನ್ನ ಅಂಗಿಯ ಅಂಚಿನಿಂದ ಅಮ್ಮನ ಕಣ್ಣೊರೆಸಿದಳು.

"ಸೇರಿಸಿದ ದಿನ ನೀನೇ ಹೇಳಿದ್ಯಲ್ಲಮ್ಮ, 'ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ' ಅಂತ. ಕಣ್ಣಿಗೆ ಒಂದು ಸಲಾನೂ ಹೊಡೆದಿಲ್ಲ."